ಯುಕೆಜಿ ಮಗನಿಗೆ ಮೂರು ತಿಂಗಳಿಂದ ಹೊಟ್ಟೆನೋವು, ಬರುತ್ತೆ ಹೋಗುತ್ತೆ. ಯಾರ ಮಕ್ಕಳಿಗಾದರೂ ಹೀಗಾಗಿತ್ತಾ?

ಹಾಸನದ ಸೊಸೆ
ಸೋಮವಾರ, ಬೆಳಗ್ಗೆ 10:20

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಮಗನಿಗೆ ಐದೂವರೆ ವರ್ಷ. ಜೂನ್‌ನಲ್ಲಿ ಪ್ಲೇ ಸ್ಕೂಲ್ ಬಿಡಿಸಿ ದೊಡ್ಡ ಶಾಲೆಗೆ ಹಾಕಿದೆವು. ಅದಾಗಿ ಎರಡು ಮೂರು ವಾರಕ್ಕೆ ಹೊಟ್ಟೆನೋವು ಶುರು. ವಾರಕ್ಕೆ ಎರಡು ದಿನ, ಕೆಲವು ವಾರ ನಾಲ್ಕು ದಿನ. ಎಲ್ಲಿ ನೋವು ತೋರಿಸು ಅಂದರೆ ಬೆರಳು ಇಡಲ್ಲ. ಇಡೀ ಅಂಗೈಯನ್ನು ಹೊಕ್ಕುಳ ಮೇಲೆ ಇಟ್ಟು ಉಜ್ಜುತ್ತಾನೆ. ಬೆಳಗ್ಗೆ ತಿಂಡಿ ಹೊತ್ತಿಗೆ, ಇಲ್ಲಾಂದ್ರೆ ಸಂಜೆ ಶಾಲೆಯಿಂದ ಬಂದ ಮೇಲೆ. ಅರ್ಧ ಗಂಟೆ ಮುದುರಿಕೊಂಡು ಮಲಗುತ್ತಾನೆ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಎದ್ದು ಸೈಕಲ್ ತುಳಿಯೋಕೆ ಹೋಗುತ್ತಾನೆ.

ಮೊದಲು ತೋರಿಸಿದ ಡಾಕ್ಟರು ಹುಳು ಇರಬಹುದು ಅಂತ ಮಾತ್ರೆ ಕೊಟ್ಟರು. ಎರಡನೆಯವರು ಗ್ಯಾಸ್ ಅಂದರು, ನೋವು ಬಂದಾಗ ಕುಡಿಸೋಕೆ ಒಂದು ಸಿರಪ್ ಬರೆದರು. ಕುಡಿಸಿದರೆ ಸ್ವಲ್ಪ ಹೊತ್ತು ಆರಾಮ. ಈಗ ಮೂರನೇ ಬಾಟಲಿ ನಡೀತಿದೆ. ಹೋದ ವಾರ ಸ್ಕ್ಯಾನಿಂಗ್ ಮಾಡಿಸಿದೆವು. ವರದಿಯಲ್ಲಿ 'ಮೆಸೆಂಟ್ರಿಕ್ ಲಿಂಫ್ ನೋಡ್ಸ್, ದೊಡ್ಡದು 7 ಮಿ.ಮೀ.' ಅಂತ ಬರೆದಿದೆ. ಹೊಟ್ಟೆಯಲ್ಲಿ ಗಂಟು ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಪಕ್ಕದ ಮನೆಯವರು ಟಿಬಿ ಇರಬಹುದು ಅಂದರು. ಅವತ್ತಿಂದ ನಿದ್ದೆ ಇಲ್ಲ.

ಜ್ವರ ಇಲ್ಲ, ವಾಂತಿ ಇಲ್ಲ. ತೂಕ 18 ಕೆಜಿ, ಇಳಿದಿಲ್ಲ. ಕಕ್ಕ ದಿನಾ ಮಾಡುತ್ತಾನೆ, ಆ ಕಡೆ ತೊಂದರೆ ಇಲ್ಲ. ಅತ್ತೆ ದೃಷ್ಟಿ ಅಂತಾರೆ, ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ನಮ್ಮ ಯಜಮಾನರು 'ಶಾಲೆಗೆ ಚಕ್ಕರ್ ಹೊಡೆಯೋ ನಾಟಕ' ಅಂತಾರೆ. ಭಾನುವಾರವೂ ನೋವು ಬರುತ್ತಲ್ಲ, ಅದಕ್ಕೇನಂತಾರೋ ಕಾಣೆ.

ಇಬ್ಬರ ಅಮ್ಮ
ಸೋಮವಾರ, 10:55

ಹುಳದ ಮಾತ್ರೆ ಕೊಟ್ಟಾಗಿದೆ ಅಂದ ಮೇಲೆ ಮತ್ತೆ ಮತ್ತೆ ಕೊಡಬೇಡಿ ಅಕ್ಕ. ನಾನು ಅದೇ ತಪ್ಪು ಮಾಡಿದ್ದೆ. ಮಗಳು ಹೊಟ್ಟೆ ಹಿಡಿದುಕೊಂಡರೆ ಸಾಕು, ಮೆಡಿಕಲ್ ಶಾಪಿಗೆ ಓಡುತ್ತಿದ್ದೆ. ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಕೊಡುವ ದಿನ ಅಂತಲೇ ಇದೆ, 2015ರಿಂದ ನಡೀತಿದೆ, 1ರಿಂದ 19 ವರ್ಷದವರಿಗೆಲ್ಲ. ನಿಮ್ಮ ಶಾಲೆಯಲ್ಲೂ ಕೊಟ್ಟಿದ್ದಾರಾ ಕೇಳಿ ನೋಡಿ. ಹುಳಕ್ಕೆ ಒಂದು ಡೋಸ್ ಸಾಕಾಗುತ್ತೆ ಸಾಮಾನ್ಯವಾಗಿ. ಮೂರು ತಿಂಗಳ ನೋವನ್ನೆಲ್ಲ ಹುಳದ ತಲೆಗೆ ಕಟ್ಟೋಕಾಗಲ್ಲ.

ಬಾಗಲಕೋಟಿ ಮಂದಿ
ಸೋಮವಾರ, 11:30

ನಮ್ಮ ಕಡೆ ಇದಕ್ಕ 'ಬಟ್ಟಿ ಸರಿದೈತಿ' ಅಂತಾರ ನೋಡ್ರಿ. ಊರಾಗ ಒಬ್ಬ ಅಜ್ಜಿ ಹರಳೆಣ್ಣೆ ಹಚ್ಚಿ ಹೊಟ್ಟಿ ತಿಕ್ಕತಿದ್ಲು. ಮೆಲ್ಲಕ ತಿಕ್ಕಿದ್ರ ಹುಡುಗ್ರಿಗೆ ಹಿತ ಅನಸ್ತೈತಿ, ಅದರಾಗ ತಪ್ಪೇನಿಲ್ಲ. ಜೋರಾಗಿ ಒತ್ತಾಕ ಬಿಡಬ್ಯಾಡ್ರಿ.

ಇನ್ನೊಂದು ಹೇಳತೀನಿ, ಯಾರರ ಬರಿ ಹಾಕಸ್ರಿ ಅಂದ್ರ ಮಾತ್ರ ಕೇಳಬ್ಯಾಡ್ರಿ. ಕೂಸಿದ್ದಾಗ ಹೊಟ್ಟಿ ಉಬ್ಬರ ಆಗಿತ್ತಂತ ನನಗ ಕಾಸಿದ ಸೂಜಿಲೆ ಬರಿ ಇಟ್ಟಾರ. ಹೊಕ್ಕಳ ಸುತ್ತ ನಾಲ್ಕು ಚುಕ್ಕಿ ಇವತ್ತಿಗೂ ಅದಾವ. ಹೊಟ್ಟಿನೋವು ಅದರಿಂದ ಹೋತೋ ತಾನಾಗೇ ಹೋತೋ ಯಾರಿಗೆ ಗೊತ್ತು. ಚುಕ್ಕಿ ಅಂತೂ ಹೋಗಲಿಲ್ಲ.

ನೈಟ್ ಡ್ಯೂಟಿ
ಸೋಮವಾರ, ಮಧ್ಯಾಹ್ನ 2:10

ಮಕ್ಕಳ ವಾರ್ಡಿನಲ್ಲಿ ನರ್ಸ್ ನಾನು, ಡಾಕ್ಟರ್ ಅಲ್ಲ. ಇದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ಮೊದಲು ಆ ಗಂಟಿನ ವಿಷಯ. ಅದು ಗಂಟಲ್ಲ, ಗ್ರಂಥಿ. ಎಲ್ಲರ ಹೊಟ್ಟೆಯಲ್ಲೂ ಇರುತ್ತೆ. ಮಕ್ಕಳಲ್ಲಿ ಒಂದು ನೆಗಡಿ, ಒಂದು ಭೇದಿ ಆದರೂ ಸ್ವಲ್ಪ ಊದಿಕೊಳ್ಳುತ್ತೆ. ಅಡ್ಡಳತೆ 8 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ದೊಡ್ಡದು ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಸ್ಕ್ಯಾನ್ ಮಾಡಿದವರು ಕಂಡಿದ್ದನ್ನು ಬರೆಯುತ್ತಾರೆ, ಅದು ಅವರ ಕೆಲಸ. ಅದನ್ನು ಓದಿ ಹೆದರುವುದು ನಮ್ಮ ಕೆಲಸ ಆಗಿಬಿಟ್ಟಿದೆ. ಟಿಬಿ ಅನ್ನೋಕೆ ಬರೀ ಈ ಒಂದು ಸಾಲು ಸಾಲದು. ಜ್ವರ, ತೂಕ ಇಳಿಯುವುದು, ಮನೆಯಲ್ಲಿ ಯಾರಿಗಾದರೂ ಟಿಬಿ ಇರುವುದು, ಇವನ್ನೆಲ್ಲ ಡಾಕ್ಟರು ನೋಡುತ್ತಾರೆ. ಪಕ್ಕದ ಮನೆಯವರಿಗೆ ಒಂದು ಕಾಫಿ ಕೊಟ್ಟು ಕಳಿಸಿ.

ಇನ್ನು ಎಚ್ಚರಿಕೆ ಮಾತು, ಇದನ್ನು ಓದುವ ಎಲ್ಲರಿಗೂ. ಮಗು ನೋವಿಂದ ರಾತ್ರಿ ನಿದ್ದೆಯಿಂದ ಏಳುತ್ತಿದ್ದರೆ, ತೂಕ ಇಳಿದರೆ ಅಥವಾ ಬೆಳೆಯುವುದೇ ನಿಂತ ಹಾಗೆ ಕಂಡರೆ, ಪದೇ ಪದೇ ಜ್ವರ ಬಂದರೆ, ನುಂಗೋಕೆ ಕಷ್ಟ ಅಂದರೆ, ಉಚ್ಚೆ ಮಾಡುವಾಗ ಉರಿ ಅಂದರೆ, ನೋವು ಹೊಕ್ಕುಳ ಬಿಟ್ಟು ಒಂದೇ ಪಕ್ಕಕ್ಕೆ ಇದ್ದರೆ ಬೇಗ ತೋರಿಸಿ. ಹಸಿರು ವಾಂತಿ, ಕಕ್ಕದಲ್ಲಿ ರಕ್ತ, ಮುಟ್ಟಿದರೆ ಕಲ್ಲಿನಂಥ ಹೊಟ್ಟೆ, ಇವಕ್ಕೆ ಕಾಯಲೇಬೇಡಿ, ನೇರ ಆಸ್ಪತ್ರೆ. ಜಾಸ್ತಿ ಬಾಯಾರಿಕೆ, ಜಾಸ್ತಿ ಉಚ್ಚೆ, ಜೊತೆಗೆ ಹೊಟ್ಟೆನೋವು ವಾಂತಿ ಅಂದರೆ ಅವತ್ತೇ ಸಕ್ಕರೆ ನೋಡಿಸಿ. ಗಂಡು ಮಗು ಇದ್ದಕ್ಕಿದ್ದಂತೆ ಹೊಟ್ಟೆ ಕೆಳಗೆ ಅಂತ ಅತ್ತರೆ ಚಡ್ಡಿ ಬಿಚ್ಚಿ ನೋಡಿ. ಬೀಜ ತಿರುಚಿಕೊಂಡಿದ್ದರೂ ಮಕ್ಕಳು ನಾಚಿಕೆಗೆ 'ಹೊಟ್ಟೆ' ಅಂತಲೇ ಹೇಳುತ್ತಾರೆ. ಅದರಲ್ಲಿ ಐದಾರು ಗಂಟೆ ಕಳೆದರೆ ಉಳಿಸುವುದು ಕಷ್ಟ.

ಕೊನೆಗೆ ನಿಮಗೊಂದು ಪ್ರಶ್ನೆ. ಕಕ್ಕ ದಿನಾ ಮಾಡುತ್ತಾನೆ ಅಂದಿರಿ. ಸರಿ, ಹೇಗೆ ಮಾಡುತ್ತಾನೆ? ನೀವು ನೋಡಿದ್ದೀರಾ?

ಹಾಸನದ ಸೊಸೆ
ಸೋಮವಾರ, ರಾತ್ರಿ 9:45

ಇವತ್ತು ಬೇಕಂತಲೇ ನೋಡಿದೆ. ಕುರಿ ಹಿಕ್ಕೆ ಥರ, ನಾಲ್ಕೈದು ಉಂಡೆ. ಅಷ್ಟೇ.

ಇನ್ನೊಂದು ವಿಷಯ ಬರೆಯೋಕೆ ನಾಚಿಕೆ ಆಗುತ್ತೆ. ಒಂದು ತಿಂಗಳಿಂದ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಕಲೆ ಇರುತ್ತೆ. ಸರಿಯಾಗಿ ತೊಳೆಸಿಕೊಳ್ಳಲ್ಲ ಅಂತ ಬೈದಿದ್ದೆ. ಒಂದು ಸಲ ನೀರು ನೀರಾಗಿ ಆಗಿತ್ತು, ಭೇದಿ ಅಂದುಕೊಂಡು ಎರಡು ದಿನ ಬರೀ ಮೊಸರನ್ನ, ದಾಳಿಂಬೆ ಸಿಪ್ಪೆ ಕಷಾಯ ಕೊಟ್ಟೆ.

ಮತ್ತೆ ಅವನಿಗೊಂದು ಅಭ್ಯಾಸ ಇದೆ. ಆಟ ಆಡ್ತಾ ಆಡ್ತಾ ಸೋಫಾ ಹಿಂದೆ ಹೋಗಿ ಕರ್ಟನ್ ಹಿಡಿದುಕೊಂಡು ಕಾಲು ಹೆಣೆದು ತುದಿಗಾಲಲ್ಲಿ ನಿಲ್ಲುತ್ತಾನೆ. ಮುಖ ಕೆಂಪಗಾಗುತ್ತೆ. ಬಾ ಟಾಯ್ಲೆಟ್‌ಗೆ ಅಂದರೆ 'ಬರ್ತಿಲ್ಲ' ಅಂತಾನೆ. ಪಾಪ ಎಷ್ಟು ಮುಕ್ಕುತ್ತಾನೆ ಅಂದುಕೊಳ್ಳುತ್ತಿದ್ದೆ.

ನೈಟ್ ಡ್ಯೂಟಿ
ಮಂಗಳವಾರ, ಬೆಳಗ್ಗೆ 7:30

ಅದು ಮುಕ್ಕೋದಲ್ಲ ಕಣ್ರೀ. ತಡೆಯೋದು. ಬಂದಿದ್ದನ್ನು ಒಳಗೆ ವಾಪಸ್ ಕಳಿಸುತ್ತಿದ್ದಾನೆ.

ಹೀಗಾಗುತ್ತೆ ನೋಡಿ. ಯಾವತ್ತೋ ಒಂದು ದಿನ ಗಟ್ಟಿಯಾಗಿ ಬಂದು ನೋವಾಗುತ್ತೆ. ಮಾರನೇ ದಿನ ಮಗು ಹೆದರಿ ತಡೆಯುತ್ತೆ. ಒಳಗೆ ಉಳಿದಷ್ಟೂ ಕರುಳು ಅದರ ನೀರು ಹೀರುತ್ತೆ, ಇನ್ನೂ ಗಟ್ಟಿ, ಇನ್ನೂ ನೋವು, ಇನ್ನೂ ಭಯ. ಕೊನೆಗೆ ಕರುಳು ಹಿಗ್ಗಿ ಹಿಗ್ಗಿ 'ಬರ್ತಿದೆ' ಅನ್ನೋದೇ ಮಗುವಿಗೆ ಗೊತ್ತಾಗಲ್ಲ. ಗಟ್ಟಿ ಉಂಡೆಯ ಸಂದಿಯಲ್ಲಿ ಮೇಲಿನ ನೀರು ಸೋರಿ ಚಡ್ಡಿಗೆ ಬರುತ್ತೆ. ನೀವು ಭೇದಿ ಅಂದುಕೊಂಡಿದ್ದು ಅದೇ ಇರಬಹುದು. ಅವನು ಬೇಕಂತ ಮಾಡಿದ್ದಲ್ಲ, ಬೈಯಬೇಡಿ. ದಿನಾ ನಾಲ್ಕು ಉಂಡೆ ಬಂದರೆ ಹೊಟ್ಟೆ ಖಾಲಿ ಆಯಿತು ಅಂತಲೂ ಅಲ್ಲ. ಹತ್ತು ಬಂದಿಲ್ಲ, ನಾಲ್ಕು ಬಂತು, ಅಷ್ಟೇ.

ಆ ಸಿರಪ್ ಬಾಟಲಿಯ ಮೇಲೆ ಡೈಸೈಕ್ಲೋಮಿನ್ ಅಂತ ಇದೆಯಾ ನೋಡಿ. ಇದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ. ಅದು ಕರುಳಿನ ಹಿಂಡುವಿಕೆಯನ್ನೇ ಕಮ್ಮಿ ಮಾಡುತ್ತೆ. ನೋವು ತಗ್ಗುತ್ತೆ ನಿಜ, ಆದರೆ ಕಕ್ಕ ಮುಂದಕ್ಕೆ ಹೋಗೋದೂ ನಿಧಾನ ಆಗುತ್ತೆ. ಮಕ್ಕಳ ಡಾಕ್ಟರ ಹತ್ತಿರ ಹೋಗಿ, ನನಗೆ ಬರೆದ ಈ ಮೂರು ವಿಷಯ ಹೇಳಿ: ಹಿಕ್ಕೆ, ಕಲೆ, ಕರ್ಟನ್. ಇಲ್ಲಿ ಕೂತು ನಾನು ಇದೇ ಅಂತ ಹೇಳೋ ಹಾಗಿಲ್ಲ, ಹೊಟ್ಟೆ ಮುಟ್ಟಿ ನೋಡಬೇಕು.

ಕಡಲ ತಡಿ
ಮಂಗಳವಾರ, 9:15

ಎಲ್ಲರೂ ಮಲಬದ್ಧತೆ ಅಂತ ಷರಾ ಬರೆದುಬಿಡಬೇಡಿ ಮಾರಾಯ್ರೆ. ನನ್ನ ಮಗನದ್ದು ಹೇಳುತ್ತೇನೆ. ಒಂಬತ್ತು ವರ್ಷ. ಅವನಿಗೂ ಆಗಾಗ ಹೊಕ್ಕುಳ ಸುತ್ತ ನೋವು ಬರುತ್ತಿತ್ತು, ಹಾಗಾಗಿ ಅವತ್ತೂ ಅದೇ ಅಂದುಕೊಂಡೆವು. ಓಮದ ನೀರು ಕೊಟ್ಟೆವು. ಮಧ್ಯಾಹ್ನ ಊಟ ಬೇಡ ಅಂದ. ರಾತ್ರಿ ಹೊತ್ತಿಗೆ ನೋವು ಬಲಗಡೆ ಕೆಳಕ್ಕೆ ಇಳಿದಿತ್ತು, ಮೈ ಬಿಸಿ. ಕಾರಲ್ಲಿ ಕರೆದುಕೊಂಡು ಹೋಗುವಾಗ ಪ್ರತಿ ರೋಡ್ ಹಂಪ್‌ಗೂ 'ಅಪ್ಪಾ ನಿಧಾನ' ಅಂತ ಕಿರುಚುತ್ತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಸಲ ಜಿಗಿ ಅಂದರು. ಅವನು ಜಿಗಿಯಲಿಲ್ಲ, ಅಳತೊಡಗಿದ. ಅಪೆಂಡಿಕ್ಸ್. ಅದೇ ರಾತ್ರಿ ಆಪರೇಷನ್ ಆಯಿತು.

ಹಳೇ ನೋವು ಇರುವ ಮಗುವಿಗೆ ಹೊಸ ನೋವು ಬರಬಾರದು ಅಂತ ಕಾನೂನು ಇಲ್ಲವಲ್ಲ.

ನೈಟ್ ಡ್ಯೂಟಿ
ಮಂಗಳವಾರ, 9:40

ನೂರಕ್ಕೆ ನೂರು ನಿಜ. ರೋಡ್ ಹಂಪ್ ಮಾತು ಎಲ್ಲರೂ ನೆನಪಿಟ್ಟುಕೊಳ್ಳಿ.

ಲೀಡ್ಸ್ ಕನ್ನಡತಿ
ಮಂಗಳವಾರ, ಮಧ್ಯಾಹ್ನ 3:05

ನಮ್ಮದು ಇನ್ನೊಂದು ಥರ. ಮಗಳಿಗೆ ಏಳು ವರ್ಷ. ಕಕ್ಕ ಸರಿಯಾಗೇ ಇತ್ತು. ರಕ್ತ, ಮೂತ್ರ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ ಎಲ್ಲ ಆಯಿತು, ಎಲ್ಲ ನಾರ್ಮಲ್. ನಾರ್ಮಲ್ ಅಂದಾಗ ಖುಷಿ ಆಗಬೇಕು ಅಲ್ವಾ? ನನಗೆ ಸಿಟ್ಟು ಬಂತು. ಹಾಗಾದರೆ ಮಗು ಸುಳ್ಳು ಹೇಳ್ತಿದೆಯಾ ಅಂತ ಕೇಳಿದೆ.

ಇಲ್ಲ ಅಂದರು ಡಾಕ್ಟರು. ಕರುಳಿಗೂ ಮಿದುಳಿಗೂ ನರಗಳ ಸಂಪರ್ಕ ಇದೆ, ಕೆಲವು ಮಕ್ಕಳಲ್ಲಿ ಅದು ಜಾಸ್ತಿ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದ ಗ್ಯಾಸು, ಕರುಳು ಹಿಗ್ಗೋದು ಇವರಿಗೆ ನೋವಾಗಿ ಕೇಳಿಸುತ್ತೆ. ಫಂಕ್ಷನಲ್ ನೋವು ಅಂತಾರೆ. ನೋವು ನಿಜ, ರೋಗ ಇಲ್ಲ. ಇದೇನು ಹೊಸದಲ್ಲ. 1958ರಲ್ಲೇ ಇಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮಕ್ಕಳ ಡಾಕ್ಟರ್ ಜಾನ್ ಆಪ್ಲಿ ಸಾವಿರ ಶಾಲಾ ಮಕ್ಕಳನ್ನು ನೋಡಿದಾಗ ಹತ್ತರಲ್ಲಿ ಒಬ್ಬರಿಗೆ ಹೀಗೆ ಬಂದು ಹೋಗುವ ಹೊಟ್ಟೆನೋವು ಇತ್ತಂತೆ. ನೋವು ಹೊಕ್ಕುಳಿಂದ ದೂರ ಹೋದಷ್ಟೂ ಒಳಗೆ ಏನೋ ಇರುವ ಸಾಧ್ಯತೆ ಜಾಸ್ತಿ ಅನ್ನೋ ಮಾತೂ ಅವರದ್ದೇ. ಕಕ್ಕವನ್ನು ಗಟ್ಟಿ ಉಂಡೆಯಿಂದ ನೀರಿನವರೆಗೆ ಏಳು ಬಗೆ ಮಾಡಿದ ಚಾರ್ಟ್ ಇದೆಯಲ್ಲ, ಅದೂ ಬ್ರಿಸ್ಟಲ್‌ನದ್ದೇ, 1997ರದ್ದು. ಆ ಊರಿನವರಿಗೆ ಹೊಟ್ಟೆ ಮೇಲೆ ಅದೇನು ಪ್ರೀತಿಯೋ! ನಿಮ್ಮ ಮಗನ ಕುರಿ ಹಿಕ್ಕೆ ಅದರಲ್ಲಿ ಒಂದನೇ ನಂಬರ್.

ನಮಗೆ ಕೆಲಸ ಮಾಡಿದ್ದು ಒಂದೇ. ನಾನು ಕೇಳೋದು ಬಿಟ್ಟೆ. ದಿನಕ್ಕೆ ಹತ್ತು ಸಲ 'ಹೊಟ್ಟೆ ನೋವಿದೆಯಾ ಪುಟ್ಟಿ' ಅಂತ ಕೇಳುತ್ತಿದ್ದೆ. ಪಾಪ, ಮರೆತಿದ್ದರೂ ನೆನಪಿಸುತ್ತಿದ್ದೆ. ಅವಳೇ ಹೇಳಿದರೆ ಬಿಸಿನೀರಿನ ಚೀಲ ಕೊಡುತ್ತೇವೆ, ಪಕ್ಕ ಕೂರುತ್ತೇವೆ, ಕಥೆ ಓದುತ್ತೇವೆ. ಟಿವಿ, ಐಸ್‌ಕ್ರೀಮ್, ಶಾಲೆಗೆ ರಜೆ ಇಲ್ಲ. ಪೂರ್ತಿ ನಿಂತಿಲ್ಲ. ಆದರೆ ಈಗ ನೋವು ಮನೆಯ ಯಜಮಾನ ಅಲ್ಲ.

ಅಜ್ಜಿ ಅಂಗಡಿ
ಮಂಗಳವಾರ, ಸಂಜೆ 6:20

ಮಗಳೇ, ನಾನು ನಾಲ್ಕು ಹೆತ್ತು ಆರು ಮೊಮ್ಮಕ್ಕಳನ್ನು ಸಾಕಿದವಳು. ಇಂಗು ಕಲಸಿ ಹೊಕ್ಕುಳ ಸುತ್ತ ಹಚ್ಚು. ತಿಂಗಳಿಗೊಮ್ಮೆ ಬೆಳಗ್ಗೆ ಹರಳೆಣ್ಣೆ ಕುಡಿಸು. ನಮ್ಮ ಕಾಲದಲ್ಲಿ ಎಲ್ಲರಿಗೂ ಕುಡಿಸುತ್ತಿದ್ದರು, ಯಾರೂ ಸ್ಕ್ಯಾನಿಂಗ್ ಮಾಡಿಸಲಿಲ್ಲ. ಮತ್ತೆ ಒಂದು ಕೇಳುತ್ತೇನೆ, ಹುಡುಗ ಎಷ್ಟು ಹಾಲು ಕುಡಿಯುತ್ತಾನೆ?

ನೈಟ್ ಡ್ಯೂಟಿ
ಮಂಗಳವಾರ, 6:50

ಅಜ್ಜಿ, ಇಂಗು ಹಚ್ಚಲಿ, ನನ್ನ ತಕರಾರಿಲ್ಲ. ಹರಳೆಣ್ಣೆ ಕುಡಿಸೋದು ಬೇಡ. ಮುರಿದು ಮುರಿದು ನೋವು ಬಂದು ಭೇದಿ ಆಗುತ್ತೆ. ಮೊದಲೇ ಹೆದರಿರುವ ಮಗು ಇನ್ನೂ ಹೆದರುತ್ತೆ. ಆದರೆ ಹಾಲಿನ ಪ್ರಶ್ನೆ ನಾನು ಕೇಳೋದು ಮರೆತಿದ್ದೆ, ನೀವು ಕೇಳಿದಿರಿ.

ಹಾಸನದ ಸೊಸೆ
ಮಂಗಳವಾರ, ರಾತ್ರಿ 10:10

ಅಜ್ಜಿ, ದಿನಕ್ಕೆ ನಾಲ್ಕು ಲೋಟ. ಊಟ ಸರಿಯಾಗಿ ಮಾಡಲ್ಲ, ಹಾಲಾದರೂ ಹೋಗಲಿ ಅಂತ ಚಾಕೊಲೇಟ್ ಪುಡಿ ಹಾಕಿ ಕೊಡುತ್ತೇನೆ.

ಅಜ್ಜಿ ಅಂಗಡಿ
ಬುಧವಾರ, ಬೆಳಗ್ಗೆ 6:05

ನಾಲ್ಕು ಲೋಟ ಹಾಲು ಕುಡಿದ ಮೇಲೆ ಊಟ ಎಲ್ಲಿ ಹೋಗುತ್ತೆ ತಾಯಿ, ಜೇಬಿಗಾ? ಎರಡಕ್ಕೆ ಇಳಿಸು. ಹಸಿವಾಗಲಿ. ಸೀಬೆಹಣ್ಣು, ಪರಂಗಿಹಣ್ಣು, ಸೊಪ್ಪಿನ ಹುಳಿ, ಹೆಸರುಬೇಳೆ ಕೋಸಂಬರಿ, ಎಲ್ಲ ತಾನಾಗೇ ಒಳಗೆ ಹೋಗುತ್ತೆ. ನೀರು ಕುಡಿಸು.

ಹಾಸನದ ಸೊಸೆ
ಮುಂದಿನ ಸೋಮವಾರ, ರಾತ್ರಿ 11:00

ಹೇಳೋಕೆ ತುಂಬಾ ಇದೆ.

ಶುಕ್ರವಾರ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಹೇಳಿದ್ದೆಲ್ಲ ಕೇಳಿಸಿಕೊಂಡು ಮಗನನ್ನು ಮಲಗಿಸಿ ಎಡಗಡೆ ಕೆಳಹೊಟ್ಟೆ ಮೇಲೆ ಬೆರಳು ಒತ್ತಿದರು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ಗಟ್ಟಿ ಗಟ್ಟಿಯಾಗಿ ಸಿಗುತ್ತಿತ್ತು, ಚೀಲದಲ್ಲಿ ಆಲೂಗಡ್ಡೆ ಮುಟ್ಟಿದ ಹಾಗೆ. ಮೂರು ತಿಂಗಳಲ್ಲಿ ಹೊಟ್ಟೆ ಹೀಗೆ ಮುಟ್ಟಿ ನೋಡಿದ್ದು ಇವರೇ ಮೊದಲು. ಮೂತ್ರ ಪರೀಕ್ಷೆ ಮಾಡಿಸಿದರು, ಎತ್ತರ ತೂಕ ನೋಡಿದರು. ಸ್ಕ್ಯಾನ್ ವರದಿ ಓದಿ ಮಡಚಿ ವಾಪಸ್ ಕೊಟ್ಟರು. ಸಿರಪ್ ನಿಲ್ಲಿಸಿದರು. ನೀರಲ್ಲಿ ಕದಡಿ ಕೊಡೋ ಪುಡಿ, ಪಾಲಿಇಥಿಲೀನ್ ಗ್ಲೈಕಾಲ್. ಮೊದಲು ಮೂರು ದಿನ ಜಾಸ್ತಿ, ಒಳಗಿರೋದೆಲ್ಲ ಖಾಲಿ ಆಗೋವರೆಗೆ. ಆಮೇಲೆ ದಿನಾ ಸ್ವಲ್ಪ, ತಿಂಗಳುಗಟ್ಟಲೆ. ಆ ಮೂರು ದಿನದ ಕಥೆ ಬರೆಯಲ್ಲ. ವಾಷಿಂಗ್ ಮೆಷಿನ್‌ಗೆ ಒಂದು ಹಾರ ಹಾಕಬೇಕು ಅಷ್ಟೇ.

ಊಟ ಆದ ಕೂಡಲೇ ಕರುಳಿಗೆ ತಾನಾಗೇ ಚಾಲನೆ ಸಿಗುತ್ತಂತೆ. ಹಾಗಾಗಿ ಬೆಳಗ್ಗೆ ತಿಂಡಿ ಆಗಿ, ರಾತ್ರಿ ಊಟ ಆಗಿ ಐದು ಹತ್ತು ನಿಮಿಷ ಕೂರಿಸಬೇಕು. ಬಂದರೂ ಸರಿ, ಬರದಿದ್ದರೂ ಸರಿ. ಕಾಲು ನೇತಾಡಬಾರದು, ಕೆಳಗೆ ಮಣೆ ಇಡಿ, ಮೊಣಕಾಲು ಸೊಂಟಕ್ಕಿಂತ ಮೇಲಿರಲಿ ಅಂದರು. ನಮ್ಮ ಹಳೇ ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂತ ಹಾಗೆ.

ಆದರೆ ನಿಜವಾದ ವಿಷಯ ಗೊತ್ತಾಗಿದ್ದು ನಿನ್ನೆ, ಸ್ನಾನದ ಮನೆಯಲ್ಲಿ. ನಮ್ಮ ಯಜಮಾನರು ಮೀಯಿಸುತ್ತಿದ್ದರು. ಸುಮ್ನೆ ಕೇಳಿದರಂತೆ, 'ಶಾಲೆಯಲ್ಲಿ ಎರಡಕ್ಕೆ ಬಂದರೆ ಏನು ಮಾಡ್ತೀಯೋ?' ಅಂತ. ಅವನು 'ಬಿಡಲ್ಲ' ಅಂದನಂತೆ. ಯಾರು ಬಿಡಲ್ಲ, ಮಿಸ್ಸಾ? 'ಅಲ್ಲ, ನಾನು ಬಿಡಲ್ಲ.' ಯಾಕೋ? 'ಅಲ್ಲಿ ಪೈಪ್ ಇಲ್ಲ. ಮಗ್ ಇದೆ. ನಂಗೆ ಮಗ್ ಬರಲ್ಲ.'

ಪ್ಲೇ ಸ್ಕೂಲ್‌ನಲ್ಲಿ ಆಯಾ ತೊಳೆಯುತ್ತಿದ್ದರು. ಮನೆಯಲ್ಲಿ ನಾನು, ಇಲ್ಲಾ ಜೆಟ್ ಪೈಪ್. ಹೊಸ ಶಾಲೆಯಲ್ಲಿ ಯುಕೆಜಿಯವರು ತಾವೇ ತೊಳೆದುಕೊಳ್ಳಬೇಕು. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಫೀಸು, ಯೂನಿಫಾರ್ಮ್, ವ್ಯಾನು, ಬುಕ್ಕು ಎಲ್ಲ ವಿಚಾರಿಸಿದ್ದೆವು. ಮಗು ಜೂನ್‌ನಿಂದ ತಡೆದುಕೊಂಡಿದೆ.

ಇವರು ಆಚೆ ಬಂದು ಟವೆಲ್ ಹಿಡಿದುಕೊಂಡೇ ಸುಮಾರು ಹೊತ್ತು ಕೂತಿದ್ದರು. ನಾಟಕ ಅನ್ನೋ ಮಾತು ಆಮೇಲೆ ಎತ್ತಿಲ್ಲ. ಸಂಜೆ ಹೋಗಿ ಒಂದು ಕೆಂಪು ಮಗ್ ತಂದರು. ಈಗ ದಿನಾ ಸ್ನಾನದಲ್ಲಿ ಅಪ್ಪ ಮಗನಿಗೆ ಮಗ್ ಟ್ಯೂಷನ್. ಬಲಗೈಲಿ ಹಿಂದಿನಿಂದ ನೀರು, ಎಡಗೈ, ಆಮೇಲೆ ಸೋಪು. ಬಟ್ಟೆ ಹಾಕಿಕೊಂಡೇ ಎರಡು ಸಲ ಒಣ ರಿಹರ್ಸಲ್.

ಬಾಗಲಕೋಟಿ ಮಂದಿ
ಮಂಗಳವಾರ, 8:15

ನಿಮ್ಮ ಯಜಮಾನ್ರಿಗೆ ನನ್ನ ಕಡಿಂದ ಒಂದು ಶರಣು ಹೇಳ್ರಿ.

ಇಬ್ಬರ ಅಮ್ಮ
ಮಂಗಳವಾರ, 8:40

ಇದನ್ನು ಓದಿ ನನ್ನ ಮಗಳನ್ನು ಕೇಳಿದೆ. ಎರಡನೇ ಕ್ಲಾಸು. 'ಚಿಲಕ ಇಲ್ಲ ಅಮ್ಮ, ನಾನು ಹೋಗೋದೇ ಇಲ್ಲ' ಅಂದಳು. ನೀರು ಕುಡಿದರೆ ಹೋಗಬೇಕಾಗುತ್ತೆ ಅಂತ ಬಾಟಲಿಯ ನೀರು ಗಿಡಕ್ಕೆ ಹಾಕಿ ಬರುತ್ತಾಳಂತೆ. ಬಾಟಲಿ ಖಾಲಿ ಆಗಿರೋದು ನೋಡಿ ನಾನು ಖುಷಿ ಪಡುತ್ತಿದ್ದೆ. ಇವತ್ತು ಶಾಲೆಗೆ ಹೋಗುತ್ತಿದ್ದೇನೆ.

ಹಾಸನದ ಸೊಸೆ
ಆರು ವಾರದ ನಂತರ

ಸುದ್ದಿ ಹೇಳದೆ ಮಾಯ ಆದೆ, ಕ್ಷಮಿಸಿ. ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಕೆಂಪು ಸುತ್ತು ಹಾಕುತ್ತಿದ್ದೇನೆ. ಹೋದ ತಿಂಗಳು ಎಂಟು, ಈ ತಿಂಗಳು ಇಲ್ಲಿಯವರೆಗೆ ಎರಡು. ಅದರಲ್ಲೊಂದು ಮದುವೆ ಊಟದ ಮಾರನೇ ದಿನ, ಆರು ಜಾಮೂನು ತಿಂದಿದ್ದ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಾ ಗೊತ್ತಿಲ್ಲ. ಕಲೆ ನಿಂತಿದೆ. ಹೋದ ಗುರುವಾರ ವ್ಯಾನ್ ಇಳಿಯುತ್ತಲೇ ರಸ್ತೆಯಲ್ಲೇ ಕೂಗಿದ, 'ಅಮ್ಮಾ, ಇವತ್ತು ಎರಡಕ್ಕೆ ನಾನೇ!' ಇಡೀ ಬೀದಿಗೆ ಗೊತ್ತಾಯಿತು.

ಎಲ್ಲ ಸರಿಹೋಯಿತಲ್ಲ, ಪುಡಿ ನಿಲ್ಲಿಸಬಹುದಾ? ಅಭ್ಯಾಸ ಆಗಿಬಿಡುತ್ತೆ ಅಂತ ಅತ್ತೆಗೆ ಚಿಂತೆ.

ನೈಟ್ ಡ್ಯೂಟಿ

ನೀವಾಗೇ ನಿಲ್ಲಿಸಬೇಡಿ! ಎಲ್ಲರೂ ಜಾರುವುದು ಇಲ್ಲೇ. ಹಿಗ್ಗಿದ ಕರುಳು ಮೊದಲಿನ ಅಳತೆಗೆ ಬರೋಕೆ ತಿಂಗಳುಗಳು ಬೇಕು. ಅಷ್ಟರಲ್ಲಿ ಬಿಟ್ಟರೆ ಮತ್ತೆ ಕರ್ಟನ್ ಹಿಂದೆ ಸಿಗುತ್ತಾನೆ. ಆ ಪುಡಿ ಕರುಳಲ್ಲಿ ನೀರು ಹಿಡಿದಿಡುತ್ತೆ ಅಷ್ಟೇ, ಚಟ ಹತ್ತಿಸಲ್ಲ. ಡಾಕ್ಟರು ಹೇಳಿದ ಮೇಲೆ ನಿಧಾನಕ್ಕೆ ಇಳಿಸಿ.

ಕಡಲ ತಡಿ

ಒಂದು ಸಣ್ಣ ವಿಷಯ. ಕಾಲ ಕೆಳಗಿನ ಮಣೆ ಎಷ್ಟು ಎತ್ತರ ಇಟ್ಟಿರಿ? ಚಿಕ್ಕವಳಿಗೆ ಬೇಕಿತ್ತು. ಅಂಗಡಿಯಲ್ಲಿ ಕೇಳಿದರೆ ಪ್ಲಾಸ್ಟಿಕ್ ಸ್ಟೂಲ್ ತೋರಿಸುತ್ತಾರೆ, ಜಾರುತ್ತದೆ.

ಹಾಸನದ ಸೊಸೆ

ಅಳತೆ ನೋಡಿಲ್ಲ. ಹಬ್ಬಕ್ಕೆ ಊಟಕ್ಕೆ ಕೂರುವ ಮರದ ಮಣೆ ಇರುತ್ತಲ್ಲ, ಅಂಥವು ಎರಡು ಒಂದರ ಮೇಲೊಂದು ಇಟ್ಟು ಮೊಳೆ ಹೊಡೆದಿದ್ದಾರೆ ಇವರು. ಜಾರಲ್ಲ. ನಮ್ಮ ಅತ್ತೆ ಮೊನ್ನೆಯಿಂದ ಆ ಮಣೆ ಹುಡುಕುತ್ತಿದ್ದಾರೆ, ದೀಪಾವಳಿ ಬಂತಲ್ಲ. ನಾವಿಬ್ಬರೂ ತುಟಿ ಬಿಚ್ಚಿಲ್ಲ.